ಮಣ್ಣುದಾರಿಯ ಪ್ರವಾಸವೂ ಮಲೆಯ ಊರುಗಳೂ

(ಹೂಟಗಳ್ಳಿಯಲ್ಲಿ ವಿದ್ಯಾರ್ಥಿಗಳೂ ಮಲೆನಾಡಿನ ಗ್ರಾಮಸ್ಥರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೂಟಗಳ್ಳಿ ಮಲೆನಾಡಿನ ಊರಲ್ಲ. ಕಾರ್ಖಾನೆಗಳ ಶೆಡ್ಡುಗಳು, ಹೊಸ ಬಡಾವಣೆಗಳು, ಪಾಳಿ ಬದಲಾಗುವ ಹೊತ್ತಿನ ಬಸ್ಸುಗಳು, ಇವು ಇಲ್ಲಿಯ ಚಹರೆ. ಆದರೂ ಮಲೆಗೆ ಹತ್ತುವ ವಾಹನಗಳ ವಿಚಾರ ಮಾತನಾಡಲು ಇದು ತಕ್ಕ ಸ್ಥಳವೇ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಕಡೆಗೆ ಸಾಗುವ ಹೆದ್ದಾರಿ ಈ ಊರಿನ ಮಗ್ಗುಲಲ್ಲೇ ಇದೆ. ಶನಿವಾರ ನಸುಕಿನಲ್ಲಿ ನೆತ್ತಿಯ ಮೇಲೆ ಡೇರೆ ಬಿಗಿದುಕೊಂಡ, ದಪ್ಪ ಚಕ್ರದ ಜೀಪುಗಳು ಸಾಲಾಗಿ ಈ ದಾರಿಯಲ್ಲಿ ಹೊರಡುತ್ತವೆ. ಅವುಗಳಲ್ಲಿ ಕುಳಿತವರು ಬಹುಪಾಲು ಕಾರ್ಖಾನೆಯ, ಕಚೇರಿಯ, ಕಾಲೇಜಿನ ತರುಣರು. ಡಾಂಬರು ಅವರಿಗೆ ಬೇಸರ ತಂದಿದೆ. ನಾಲ್ಕೈದು ದಿನ ಮಣ್ಣುದಾರಿಯಲ್ಲೇ ತಿರುಗಬೇಕೆಂಬುದು ಅವರ ಆಸೆ. ಆ ಆಸೆಯನ್ನು ಹಳಿಯುವುದು ಈ ಉಪನ್ಯಾಸದ ಉದ್ದೇಶವಲ್ಲ. ಅಂಥ ಪ್ರವಾಸವನ್ನು ಯೋಜಿಸುವ ಕ್ರಮ ಹೇಗಿರಬೇಕು, ಆ ಯೋಜನೆಯಲ್ಲಿ ಮಲೆಯ ಊರಿನವರ ಪಾಲೇನು ಎಂಬುದಷ್ಟೇ ಇಲ್ಲಿಯ ವಿಚಾರ.

ಸಾಮಾನ್ಯವಾಗಿ ಯೋಜನೆ ಆರಂಭವಾಗುವುದು ಮೊಬೈಲಿನ ನಕ್ಷೆಯಿಂದ. ನಕ್ಷೆಯಲ್ಲಿ ಎರಡು ಊರುಗಳ ನಡುವೆ ಸಣ್ಣದೊಂದು ಗೆರೆ ಕಾಣುತ್ತದೆ. ಅದನ್ನು ದಾರಿಯೆಂದು ತಿಳಿದು ಚಕ್ರ ತಿರುಗಿಸುತ್ತಾರೆ. ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆಗಳ ಕಡೆ ಅಂಥ ಗೆರೆ ಒಮ್ಮೆ ಪಂಚಾಯಿತಿಯ ರಸ್ತೆಯಾಗಿರುತ್ತದೆ, ಇನ್ನೊಮ್ಮೆ ತೋಟದ ಖಾಸಗಿ ದಾರಿ, ಮತ್ತೊಮ್ಮೆ ಅರಣ್ಯ ಇಲಾಖೆ ಬೆಂಕಿ ಕಾವಲಿಗಾಗಿ ಕಡಿದ ಜಾಡು. ಮೂರಕ್ಕೂ ಮಣ್ಣು ಒಂದೇ ಬಣ್ಣ. ಮೊದಲನೆಯದರಲ್ಲಿ ಯಾರೂ ಹೋಗಬಹುದು. ಎರಡನೆಯದಕ್ಕೆ ಒಡೆಯರ ಒಪ್ಪಿಗೆ ಬೇಕು. ಮೂರನೆಯದು ಅಭಯಾರಣ್ಯದೊಳಗಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಪ್ರವೇಶಿಸುವುದೇ ಅಪರಾಧ. ಯಾವ ಗೆರೆ ಯಾರದೆಂದು ನಕ್ಷೆ ಹೇಳುವುದಿಲ್ಲ. ಊರಿನ ಚಹದಂಗಡಿಯಲ್ಲಿ ಕುಳಿತ ಹಿರಿಯರು ಹೇಳುತ್ತಾರೆ. ಆದ್ದರಿಂದ ಪ್ರತಿ ದಿನದ ದಾರಿಗೂ ಆ ಕಡೆಯ ಒಬ್ಬರನ್ನು ಮುಂಚಿತವಾಗಿ ಕೇಳಿ ಖಚಿತಪಡಿಸಿಕೊಳ್ಳುವುದು ಯೋಜನೆಯ ಮೊದಲ ಕೆಲಸ. ಸಂಪರ್ಕದ ಸಂಕೇತವೇ ಸಿಗದ ಕಣಿವೆಗಳಿರುವುದರಿಂದ, ಕಾಗದದ ಮೇಲೆ ಬರೆದಿಟ್ಟುಕೊಂಡ ದಾರಿ ಈಗಲೂ ಉಪಯೋಗಕ್ಕೆ ಬರುತ್ತದೆ.

ಎರಡನೆಯ ವಿಚಾರ ಕಾಲದ್ದು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಇಲ್ಲಿಯ ಮಳೆಯ ಅಂದಾಜಿನಲ್ಲಿ ಅಲ್ಲಿಯ ದಾರಿಯನ್ನು ಅಳೆಯಲಾಗದು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಲೆಯ ಮಣ್ಣುದಾರಿಗಳು ಪ್ರವಾಸಿಗರಿಗಲ್ಲ. ಮಾರ್ಚ್, ಏಪ್ರಿಲ್‌ಗಳಲ್ಲಿ ಕಾಫಿಯ ಹೂಮಳೆ ಒಂದು ಹದ ಬಿದ್ದರೂ ಸಾಕು, ಬೆಳಿಗ್ಗೆ ಗಟ್ಟಿಯಿದ್ದ ಕೆಂಪುಮಣ್ಣು ಸಂಜೆಗೆ ಸಾಬೂನಿನಂತಾಗುತ್ತದೆ. ಹಾಗೆ ಮಳೆ ಬಂದಾಗ ಒಂದೆರಡು ದಿನ ಬಿಟ್ಟು ಹೊರಡುವಷ್ಟು ಬಿಡುವು ಯೋಜನೆಯಲ್ಲೇ ಇರಬೇಕು. ನಾಲ್ಕು ದಿನದ ರಜೆಗೆ ನಾಲ್ಕು ದಿನದ ದಾರಿಯನ್ನು ಭರ್ತಿಮಾಡಿದವನು ಐದನೆಯ ದಿನ ಕೆಲಸಕ್ಕೆ ಹಾಜರಾಗುವ ಆತುರದಲ್ಲಿ ಹಸಿ ಮಣ್ಣಿನ ಮೇಲೆಯೇ ಗಾಡಿ ಹತ್ತಿಸುತ್ತಾನೆ. ಇಂಥ ಪ್ರವಾಸಗಳ ಹಾನಿಯಲ್ಲಿ ದೊಡ್ಡ ಪಾಲು ಈ ಆತುರದ್ದೇ.

ಹೂಟಗಳ್ಳಿಯಿಂದ ಕುಶಾಲನಗರಕ್ಕೆ ಸುಮಾರು 80 ಕಿಲೋಮೀಟರ್. ಎರಡು ಗಂಟೆಯ ಹಾದಿ. ಅಲ್ಲಿಂದ ಮುಂದೆ ಸೋಮವಾರಪೇಟೆ, ಶನಿವಾರಸಂತೆ, ಸಕಲೇಶಪುರ, ಮೂಡಿಗೆರೆಗಳ ಒಳದಾರಿಗಳಲ್ಲಿ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಸಾಗಿದರೆ ಹೆಚ್ಚು. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಮಣ್ಣುದಾರಿ ಸಾಕು. ಕತ್ತಲಾಗುವ ಮೊದಲು ತಂಗುವ ಊರು ಸೇರಬೇಕು. ಸಣ್ಣ ಗೇರಿನಲ್ಲಿ ಗಾಡಿ ಹೆಚ್ಚು ಇಂಧನ ಕುಡಿಯುತ್ತದೆ, ಪೇಟೆಯಲ್ಲೇ ತುಂಬಿಸಿಕೊಳ್ಳಬೇಕು. ಸ್ಟೆಪ್ನಿ, ಗಾಳಿ ಪಂಪು, ಎಳೆಯುವ ಹಗ್ಗ, ಗುದ್ದಲಿ, ಕುಡಿಯುವ ನೀರು ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಮರಳುವಾಗ ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರದ ಮೂಲಕ ಇಲವಾಲಕ್ಕೆ ಬಂದು ಸೇರಬಹುದು. ನಾಗರಹೊಳೆಯ ಕಡೆಯಿಂದ ಬರುವವರು ಗಡಿಯಾರ ನೋಡಬೇಕು: ಮೈಸೂರು–ಮಾನಂದವಾಡಿ ರಸ್ತೆಯಲ್ಲಿ 2008ರಿಂದಲೂ, ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದಲೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಇನ್ನು ಚಕ್ರದ ಗುರುತಿನ ವಿಚಾರ. ಇದನ್ನು ತುಸು ವಿಸ್ತಾರವಾಗಿ ನೋಡಬೇಕು. ಶೋಲಾ ಕಾಡಿನ ಮೇಲ್ತುದಿಯ ಹುಲ್ಲುಗಾವಲು ನೋಡುವವರಿಗೆ ಖಾಲಿ ಬಯಲಿನಂತೆ ತೋರುತ್ತದೆ. ವಾಸ್ತವದಲ್ಲಿ ಅದು ಮಳೆಯ ನೀರನ್ನು ಹೀರಿ, ತಿಂಗಳುಗಟ್ಟಲೆ ಹಿಡಿದಿಟ್ಟು, ಕೆಳಗಿನ ಒರತೆಗಳಿಗೆ ಒಸರಿಸುವ ನೆಲ. ಜೀಪೊಂದು ಅಲ್ಲಿ ಹತ್ತಿದಾಗ ಚಕ್ರದಡಿಯ ಮಣ್ಣು ಬಿಗಿದು ನೀರು ಇಂಗದಂತಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಆ ಎರಡು ಗೆರೆಗಳೇ ಎರಡು ಕಾಲುವೆಗಳು. ಮರುವರ್ಷ ಕಾಲುವೆ ಮೊಣಕಾಲುದ್ದದ ಕೊರಕಲಾಗುತ್ತದೆ. ಆಗ ಅದರಲ್ಲಿ ಗಾಡಿ ಸಾಗದೆಂದು ಚಾಲಕರು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡುತ್ತಾರೆ. ಹೀಗೆ ಒಂದು ದಾರಿ ಐದಾರು ದಾರಿಗಳಾಗಿ ಗುಡ್ಡದ ಮೈಯನ್ನು ಸೀಳುತ್ತದೆ. ಮಡಿಕೇರಿಯ ಬಳಿಯ ಮಾಂದಲಪಟ್ಟಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2008ರ ‘ಗಾಳಿಪಟ’ ಚಲನಚಿತ್ರದ ನಂತರ ಅದು ‘ಮುಗಿಲುಪೇಟೆ’ಯೆಂದು ಹೆಸರಾಗಿ, ಜೀಪುಗಳ ಓಡಾಟ ಬೆಳೆಯಿತು. ಅದೇ ಸೀಮೆಯ ಮಕ್ಕಂದೂರು, ಮುಕ್ಕೋಡ್ಲುಗಳ ಗುಡ್ಡಗಳು 2018ರ ಆಗಸ್ಟ್‌ನಲ್ಲಿ ಕುಸಿದವು. ಆ ಕುಸಿತಕ್ಕೆ ಜೀಪುಗಳು ಕಾರಣವೆಂದರೆ ಅನ್ಯಾಯವಾದೀತು. ಅದು ಅತಿವೃಷ್ಟಿಯ ಜೊತೆಗೆ ಮನೆಗೆ, ರಸ್ತೆಗೆ ಇಳಿಜಾರನ್ನು ಕಡಿದದ್ದರ ಫಲವೆಂದು ಭೂವಿಜ್ಞಾನಿಗಳು ಗುರುತಿಸಿದರು. ಆದರೆ ಅಲ್ಲಿಯ ಮಣ್ಣು ಎಷ್ಟು ಸಡಿಲವೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಹೀಗೆ ಕೊಚ್ಚಿದ ಮಣ್ಣು ಎಲ್ಲಿ ಸೇರುತ್ತದೆ? ಮೊದಲು ಕೆಳಗಿನ ಗದ್ದೆಗೆ, ಆ ಮೇಲೆ ಹಳ್ಳಕ್ಕೆ. ಕೊಡಗಿನ ಹಾರಂಗಿ, ಲಕ್ಷ್ಮಣತೀರ್ಥಗಳೂ, ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿಯೂ ಕಾವೇರಿಯ ಜೊತೆ ಕೃಷ್ಣರಾಜಸಾಗರವನ್ನು ತುಂಬುತ್ತವೆ. ಅದರ ಸಾಮರ್ಥ್ಯ 49.45 ಟಿ.ಎಂ.ಸಿ. ಹೂಟಗಳ್ಳಿಯಿಂದ ಆ ಕಟ್ಟೆ ದೂರವೇನಲ್ಲ; ಮೈಸೂರಿಗೆ ಕುಡಿಯುವ ನೀರು ಒದಗಿಸುವ ಹೊಂಗಳ್ಳಿ, ಬೆಳಗೊಳದ ಸ್ಥಾವರಗಳು ಆ ನೀರನ್ನೇ ಎತ್ತುತ್ತವೆ. ಶನಿವಾರ ಗುಡ್ಡದ ತಲೆಯ ಮೇಲೆ ಚಕ್ರ ತಿರುಗಿಸಿದವನು ಸೋಮವಾರ ಮನೆಯ ನಲ್ಲಿ ತಿರುಗಿಸುವಾಗ ಅದೇ ಗುಡ್ಡದ ನೀರನ್ನೇ ಕುಡಿಯುತ್ತಿರುತ್ತಾನೆ.

ಊರಿನವರ ಬದುಕಿಗೆ ತಗಲುವ ಸಣ್ಣ ಸಂಗತಿಗಳೂ ಇವೆ. ಸಣ್ಣವೆಂದು ತೋರುವುದು ಪ್ರವಾಸಿಗರಿಗೆ ಮಾತ್ರ. ಮಲೆನಾಡಿನ ದಾರಿಗಡ್ಡ ಉಣುಗೋಲು ಇರುತ್ತದೆ. ಅದನ್ನು ಸರಿಸಿ ಮುಂದೆ ಹೋದವರು ಮತ್ತೆ ಹಾಕದಿದ್ದರೆ ದನ ಗದ್ದೆಗೆ ನುಗ್ಗಿ ಒಂದೇ ರಾತ್ರಿಯಲ್ಲಿ ಪೈರು ಮುಗಿಸುತ್ತದೆ. ಮಕ್ಕಳು ಶಾಲೆಗೆ ಹೋಗುವ ಕಾಲುಸಂಕದ ಪಕ್ಕದಲ್ಲಿ ಹಳ್ಳಕ್ಕೆ ಗಾಡಿ ಇಳಿಸಿದರೆ ದಡ ಕುಸಿದು ಸಂಕದ ಬುಡವೇ ಅಲುಗುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು. ಇಕ್ಕಟ್ಟಿನ ದಾರಿಯಲ್ಲಿ ಕಾಫಿಮೂಟೆ ಹೊತ್ತ ಟ್ರ್ಯಾಕ್ಟರಿಗೆ ಹಿಂದೆ ಸರಿದು ಜಾಗ ಕೊಡಬೇಕಾದವನು ವಿಹಾರಕ್ಕೆ ಬಂದವನೇ. ಬೇಸಗೆಯಲ್ಲಿ ಕಾದ ಸೈಲೆನ್ಸರಿನ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹೊತ್ತೀತು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಡೇರೆ ಹಾಕುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗವನ್ನು ಹರಡುವ ಉಣುಗುಗಳು ಹೆಚ್ಚುವುದು ಒಣ ಹವೆಯ ತಿಂಗಳುಗಳಲ್ಲಿ, ಅಂದರೆ ಮಣ್ಣುದಾರಿ ಚೆನ್ನಾಗಿರುವ ಕಾಲದಲ್ಲೇ. ಮಂಗ ಸತ್ತ ಸುದ್ದಿಯಿರುವ ಕಡೆ ತಂಗುವ ಯೋಚನೆಯನ್ನೇ ಬಿಡಬೇಕು.

ಮಲೆಯ ಊರಿನವರು ಈ ವಿಚಾರದಲ್ಲಿ ದೂರುವುದಕ್ಕಷ್ಟೇ ನಿಲ್ಲಬೇಕಾಗಿಲ್ಲ. ಕೊಡಚಾದ್ರಿಗೆ ಯಾತ್ರಿಕರನ್ನು ಸ್ಥಳೀಯರ ಜೀಪುಗಳೇ ಹತ್ತಿಸುತ್ತವೆ. ಏರಿನ ಪ್ರತಿ ತಿರುವೂ ಆ ಚಾಲಕರಿಗೆ ಗೊತ್ತು, ದುಡಿಮೆಯೂ ಊರಿನಲ್ಲೇ ಉಳಿಯುತ್ತದೆ. ಅಲ್ಲಿಯೂ ಗಾಡಿಗಳು ಮಿತಿಮೀರಿದಾಗ ದಾರಿ ಕೆಡುತ್ತದೆ, ಆದ್ದರಿಂದ ಅದು ಪೂರ್ತಿ ಮಾದರಿಯಲ್ಲ. ಆದರೂ ಯಾವ ದಾರಿ ತೆರೆದಿರಬೇಕು, ಯಾವ ತಿಂಗಳು ಮುಚ್ಚಬೇಕು, ದಿನಕ್ಕೆ ಎಷ್ಟು ಗಾಡಿ ಎಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ನಿರ್ಣಯ ಬರೆದು, ದಾರಿಯ ತಲೆಯಲ್ಲಿ ಫಲಕ ಹಾಕಿದರೆ ಕೇಳಿ ಬರುವವರಿಗೂ ಅನುಕೂಲ. ಇಂದಿನ ಸಭೆಗೆ ಬಂದಿರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ದಾರಿಗಳನ್ನು ನಡೆದು ನೋಡಿ, ಪಂಚಾಯಿತಿಯದು, ತೋಟದ್ದು, ಅರಣ್ಯದ್ದು ಎಂದು ಮೂರು ಬಣ್ಣದಲ್ಲಿ ನಕ್ಷೆ ಬರೆದು ಪಂಚಾಯಿತಿಗೆ ಒಪ್ಪಿಸಬಹುದು. ಅದು ಎರಡು ಭಾನುವಾರದ ಕೆಲಸ.

ಕೊನೆಯದಾಗಿ ಕಳೆಗಳ ವಿಚಾರ. ಕಾಂಗ್ರೆಸ್ ಗಿಡವೆಂದು ಬಯಲುಸೀಮೆಯಲ್ಲೂ, ಕಮ್ಯುನಿಸ್ಟ್ ಗಿಡವೆಂದು ಕರಾವಳಿಯಲ್ಲೂ ಹೆಸರು ಪಡೆದ ಎರಡು ಪರದೇಶಿ ಕಳೆಗಳಿಗೆ ಪಕ್ಷಭೇದವಿಲ್ಲ; ಚಕ್ರದ ಕೆಸರಿಗೆ ಅಂಟಿದ ಬೀಜದೊಂದಿಗೆ ಅವು ಎಲ್ಲಿಗೂ ಪಯಣಿಸುತ್ತವೆ. ಕಾಳುಮೆಣಸಿನ ಬಳ್ಳಿಯನ್ನು ಸೊರಗಿಸುವ ರೋಗವೂ ಸೋಂಕಿದ ತೋಟದ ಹಸಿಮಣ್ಣಿನೊಂದಿಗೆ ಇನ್ನೊಂದು ತೋಟಕ್ಕೆ ದಾಟಬಲ್ಲದು. ಆದ್ದರಿಂದ ಹೊರಡುವ ಮುನ್ನ ಹೂಟಗಳ್ಳಿಯಲ್ಲೇ ಗಾಡಿಯ ಅಡಿಭಾಗವನ್ನೂ ಚಕ್ರಗಳನ್ನೂ ತೊಳೆಸಬೇಕು. ತೋಟದ ಸೀಮೆ ಬಿಡುವಾಗ ಮತ್ತೊಮ್ಮೆ, ಪೇಟೆಯ ವಾಹನ ತೊಳೆಯುವ ಅಂಗಡಿಯಲ್ಲಿ. ಹಳ್ಳದಲ್ಲಿ ಇಳಿಸಿ ಅಲ್ಲ.