ವಿಮಾನ ದುರಸ್ತಿಯೂ ಒಳಗುತ್ತಿಗೆಯೂ

(ಸಾರಿಗೆ ನೌಕರರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ಒಬ್ಬ ತರುಣ ಮಿತ್ರರು ಎದ್ದು ನಿಂತು, "ಡಿಪೋದ ರಿಪೇರಿ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಆಕಾಶವೇನು ಕಳಚಿ ಬೀಳುತ್ತದೆಯೇ?" ಎಂದು ಕೇಳಿದರು. ಆಕಾಶದಿಂದಲೇ ಬಿದ್ದ ಎರಡು ವಿಮಾನಗಳ ಸಂಗತಿಯನ್ನು ಇಂದು ಹೇಳುತ್ತೇನೆ. ಎರಡೂ ಅಮೆರಿಕದವು. ಅಲ್ಲಿನ ಸರ್ಕಾರದ ಅಪಘಾತ ತನಿಖಾ ಮಂಡಳಿಯೇ ಬರೆದಿಟ್ಟ ವಿಷಯಗಳಿವು. ನಮ್ಮವರು ಕಟ್ಟಿದ ಕಥೆಯಲ್ಲ.

ವ್ಯಾಲ್ಯೂಜೆಟ್ ಎಂಬುದು ಅಗ್ಗದ ಟಿಕೆಟ್ಟಿನ ಕಂಪನಿ. ದೊಡ್ಡ ದುರಸ್ತಿಗಳನ್ನು ಹೊರಗೆ ಕೊಟ್ಟಿತ್ತು. 1996ರಲ್ಲಿ ಮಯಾಮಿಯ ಸೇಬರ್‌ಟೆಕ್ ಎಂಬ ಗುತ್ತಿಗೆ ಕಂಪನಿ ಅದರ ವಿಮಾನಗಳಿಂದ ಅವಧಿ ಮೀರಿದ ಆಮ್ಲಜನಕದ ಡಬ್ಬಿಗಳನ್ನು ಬಿಚ್ಚಿತು. ಈ ಡಬ್ಬಿಯ ತುದಿಗೆ ಪೆಟ್ಟು ಬಿದ್ದರೆ ಒಳಗಿನ ರಾಸಾಯನಿಕ ಕೆರಳಿ ಆಮ್ಲಜನಕ ಹೊರಡುತ್ತದೆ, ಡಬ್ಬಿ ಕೆಂಡದಂತೆ ಕಾಯುತ್ತದೆ. ಅದಕ್ಕಾಗಿ ಬಿಚ್ಚಿದ ಡಬ್ಬಿಗೆ ಪ್ಲಾಸ್ಟಿಕ್ಕಿನ ಸಣ್ಣ ಮುಚ್ಚಳ ಹಾಕಬೇಕೆಂದು ಕೆಲಸದ ಚೀಟಿಯಲ್ಲಿಯೇ ಬರೆದಿತ್ತು. ಮುಚ್ಚಳಗಳು ಅಲ್ಲಿರಲಿಲ್ಲ. ವಿಮಾನ ತಡವಾದರೆ ದಿನಕ್ಕೆ 2,500 ಡಾಲರು ಕಡಿತವೆಂದು ಕರಾರು ಇತ್ತು. ಚೀಟಿಯ ಮೇಲೆ ರುಜು ಬಿತ್ತು. ಡಬ್ಬಿಗಳು ರಟ್ಟಿನ ಪೆಟ್ಟಿಗೆ ಸೇರಿ, 'ಖಾಲಿ' ಎಂಬ ಹೆಸರು ಹೊತ್ತು, ಮೇ 11ರಂದು ಪ್ರಯಾಣಿಕರ ವಿಮಾನದ ಸಾಮಾನು ಕೋಣೆಗೆ ಹೋದವು. ಹಾರಿದ ಸುಮಾರು ಹತ್ತು ನಿಮಿಷಗಳಲ್ಲಿ ವಿಮಾನ ಉರಿಯುತ್ತ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 110 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೊಕದ್ದಮೆ ಬಿದ್ದದ್ದು ಗುತ್ತಿಗೆ ಕಂಪನಿಯ ಮೇಲೆ, ಅದರ ಮೂವರು ನೌಕರರ ಮೇಲೆ. ವ್ಯಾಲ್ಯೂಜೆಟ್ 1997ರಲ್ಲಿ ಇನ್ನೊಂದು ಕಂಪನಿಯನ್ನು ಕೂಡಿಕೊಂಡು, ಹೆಸರು ಬದಲಿಸಿ ಹಾರಾಟ ಮುಂದುವರಿಸಿತು.

ಎರಡನೆಯದನ್ನು ನಿಧಾನವಾಗಿ ಕೇಳಬೇಕು, ಏಕೆಂದರೆ ಗುತ್ತಿಗೆಯ ಏಣಿ ಎಷ್ಟು ಮೆಟ್ಟಿಲು ಇಳಿಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ. 2003ರ ಜನವರಿ 8ರ ಬೆಳಿಗ್ಗೆ ಷಾರ್ಲಟ್ ನಗರದಲ್ಲಿ 19 ಪ್ರಯಾಣಿಕರು ಒಂದು ಸಣ್ಣ ವಿಮಾನ ಹತ್ತಿದರು. ವಿಮಾನ ಹಾರುತ್ತಿದ್ದದ್ದು ಯುಎಸ್ ಏರ್‌ವೇಸ್ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ. ನಡೆಸುತ್ತಿದ್ದದ್ದು ಏರ್ ಮಿಡ್‌ವೆಸ್ಟ್. ಅದರ ದುರಸ್ತಿಯ ಗುತ್ತಿಗೆ ರೇಥಿಯನ್ ಏರೋಸ್ಪೇಸ್ ಎಂಬ ಕಂಪನಿಗೆ. ಆ ಕಂಪನಿಗೆ ಮೆಕ್ಯಾನಿಕ್‌ಗಳನ್ನು ಒದಗಿಸುತ್ತಿದ್ದದ್ದು ಮತ್ತೊಂದು ಕಂಪನಿ. ಟಿಕೆಟ್ಟಿನ ಮೇಲಿನ ಹೆಸರಿಗೂ ಸ್ಪ್ಯಾನರ್ ಹಿಡಿದ ಕೈಗೂ ನಡುವೆ ಎಷ್ಟು ಮಂದಿಯ ಲಾಭ ಕುಳಿತಿದೆ, ನೀವೇ ಎಣಿಸಿ.

ವಿಮಾನದ ಮೂತಿಯನ್ನು ಏರಿಸಿ ಇಳಿಸಲು ಬಾಲದಲ್ಲಿ ಒಂದು ಹಲಗೆ ಇರುತ್ತದೆ, ಎಲಿವೇಟರ್ ಎನ್ನುತ್ತಾರೆ. ಅಪಘಾತಕ್ಕೆ ಎರಡು ರಾತ್ರಿ ಮುಂಚೆ ಹಂಟಿಂಗ್‌ಟನ್ ಎಂಬ ಊರಿನ ಶೆಡ್ಡಿನಲ್ಲಿ ಅದರ ಕೇಬಲ್‌ಗಳನ್ನು ಬಿಗಿ ಮಾಡಿದರು. ಮಾಡಿದ ಮೆಕ್ಯಾನಿಕ್ ಆ ಜಾತಿಯ ವಿಮಾನದಲ್ಲಿ ಆ ಕೆಲಸವನ್ನು ಅದೇ ಮೊದಲು ಮಾಡುತ್ತಿದ್ದವನು. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದವನು ತಪಾಸಣೆಯ ಇನ್‌ಸ್ಪೆಕ್ಟರ್. ಪುಸ್ತಕದಲ್ಲಿದ್ದ ಕೆಲವು ಹಂತಗಳನ್ನು ಬಿಡಬಹುದೆಂದು ಇಬ್ಬರೂ ಒಪ್ಪಿದರು. ಆಮೇಲೆ ಅದೇ ಇನ್‌ಸ್ಪೆಕ್ಟರ್ ಪರೀಕ್ಷಿಸಿ ರುಜು ಹಾಕಿದ. ನಾನು ಏಳು ವರ್ಷ ಮೇಷ್ಟ್ರಾಗಿದ್ದವನು. ಸಾಹೇಬರು ಬರುವ ಮುನ್ನಾದಿನ ತಿಂಗಳ ಪುಸ್ತಕಗಳಿಗೆಲ್ಲ ಒಂದೇ ಕೂರಿಕೆಯಲ್ಲಿ ರುಜು ಮಾಡಿದ ಪಾಪ ನನ್ನ ಮೇಲೂ ಇದೆ. ಹುಡುಗನಿಗೆ ಉತ್ತರ ಹೇಳಿಕೊಟ್ಟವನೇ ಪತ್ರಿಕೆ ತಿದ್ದಿದರೆ ತಪ್ಪು ಸಿಕ್ಕುವುದೇ?

ಹಲಗೆ ಕೆಳಮುಖವಾಗಿ ಸುಮಾರು ಅರ್ಧ ಮಾತ್ರ ತಿರುಗುತ್ತಿತ್ತು. ಹೊರೆ ಕಡಿಮೆಯಿದ್ದಾಗ ಯಾರಿಗೂ ತಿಳಿಯಲಿಲ್ಲ. ಆ ಬೆಳಿಗ್ಗೆ ಬಾಲದ ಕಡೆ ಭಾರ ಮಿತಿ ಮೀರಿತ್ತು. ಪ್ರಯಾಣಿಕರ ತೂಕವನ್ನು ಹಳೆಯ ಸರಾಸರಿಯಲ್ಲಿ ಲೆಕ್ಕ ಹಾಕುತ್ತಿದ್ದರು, ಅದಕ್ಕೆ ಸರ್ಕಾರದ ಒಪ್ಪಿಗೆಯೂ ಇತ್ತು. ಮೂತಿ ಮೇಲೆದ್ದಿತು, ಪೈಲಟ್‌ಗಳು ಎಷ್ಟು ಒತ್ತಿದರೂ ಇಳಿಯಲಿಲ್ಲ. ಬಂದು ಅಪ್ಪಳಿಸಿದ್ದು ಯುಎಸ್ ಏರ್‌ವೇಸ್‌ನ ಶೆಡ್ಡಿಗೇ. ಸಿಬ್ಬಂದಿ ಇಬ್ಬರೂ ಸೇರಿ 21 ಮಂದಿ ಸತ್ತರು. ಹಂಟಿಂಗ್‌ಟನ್ನಿನ ಕೆಲಸದ ಮೇಲೆ ವಿಮಾನ ಕಂಪನಿಯ ನಿಗಾ ಇರಲಿಲ್ಲ, ಸರ್ಕಾರದ್ದೂ ಸಾಲದಾಯಿತು ಎಂದು ಮಂಡಳಿ ಬರೆಯಿತು.

ಹಾಗಾದರೆ ಸ್ವಂತ ಶೆಡ್ಡಿನಲ್ಲಿ ತಪ್ಪು ಆಗುವುದಿಲ್ಲವೇ? ಆಗುತ್ತದೆ, ಮುಚ್ಚಿಡಬಾರದು. 2000ದ ಜನವರಿ 31ರಂದು ಅಲಾಸ್ಕ ಏರ್‌ಲೈನ್ಸ್‌ನ ವಿಮಾನ ಸಮುದ್ರಕ್ಕೆ ಬಿದ್ದು 88 ಜನ ಸತ್ತರು. ಬಾಲದ ಒಂದು ತಿರುಪಿಗೆ ಗ್ರೀಸು ಸಾಲದೆ ಅದರ ನಟ್ಟಿನ ಹಲ್ಲು ಸವೆದಿತ್ತು. ಗ್ರೀಸು ಹಾಕುವ ಅವಧಿಯನ್ನು ಕಂಪನಿ ಉದ್ದ ಮಾಡುತ್ತ ಹೋಗಿತ್ತು. ಅದೂ ಖರ್ಚು ಉಳಿಸುವ ವಿದ್ಯೆಯೇ. ಆದರೆ ಅಲ್ಲಿ ತನಿಖೆಯವರು ಬಾಗಿಲು ತಟ್ಟಿದ್ದು ಒಂದೇ ಮನೆಯದು.

ಕಾನೂನು ಏನೆನ್ನುತ್ತದೆ? ಕೆಲಸವನ್ನು ಯಾರಿಗೇ ಕೊಡಲಿ, ವಿಮಾನ ಸುರಕ್ಷಿತವಾಗಿರುವ ಹೊಣೆ ವಿಮಾನ ಕಂಪನಿಯದೇ ಎಂದು ಅಮೆರಿಕದ ಕಾನೂನು. ಕಾಗದದ ಮೇಲೆ ಹೀಗಿದ್ದರೂ, ಒಂಬತ್ತು ದೊಡ್ಡ ಕಂಪನಿಗಳು 2003ರಲ್ಲಿ ಭಾರೀ ತಪಾಸಣೆಗಳಲ್ಲಿ ಶೇಕಡ 34ರಷ್ಟನ್ನು ಹೊರಗೆ ಕೊಟ್ಟಿದ್ದದ್ದು, 2007ರಲ್ಲಿ ಶೇಕಡ 71 ಆಯಿತು. ಇದು ಅಲ್ಲಿನ ಸಾರಿಗೆ ಇಲಾಖೆಯ ತನಿಖಾಧಿಕಾರಿಯ ಲೆಕ್ಕ. ನಡುವೆ, 2005ರ ಆಗಸ್ಟ್‌ನಲ್ಲಿ, ನಾರ್ತ್‌ವೆಸ್ಟ್ ಕಂಪನಿಯ ಮೆಕ್ಯಾನಿಕ್‌ಗಳು, ವಿಮಾನ ತೊಳೆಯುವವರು ಸೇರಿ ಸುಮಾರು 4,400 ಮಂದಿ ಮುಷ್ಕರ ಹೂಡಿದರು. ಕಂಪನಿ ಬದಲಿಯವರನ್ನು ಮೊದಲೇ ಸಿದ್ಧಮಾಡಿಟ್ಟಿತ್ತು. ಪೈಲಟ್‌ಗಳ ಸಂಘವಾಗಲಿ ಇತರ ಸಂಘಗಳಾಗಲಿ ಜೊತೆಗೆ ಇಳಿಯಲಿಲ್ಲ. ಮರುವರ್ಷ ಮುಷ್ಕರ ಸೋತು ಮುಗಿಯಿತು. ನಮ್ಮ ಡ್ರೈವರು, ಕಂಡಕ್ಟರು ಮಿತ್ರರು ಈ ಮಾತನ್ನು ಮನಸ್ಸಿನಲ್ಲಿಡಬೇಕೆಂದು ವಿನಂತಿ.

ತರುಣ ಮಿತ್ರರ ಪ್ರಶ್ನೆಗೆ ಬರುತ್ತೇನೆ. ಗುತ್ತಿಗೆಯ ಕರಡು ಬಂದಾಗ ದರ ಓದುವ ಮೊದಲು ಮೂರು ವಿಷಯ ಕೇಳಿ: ಬ್ರೇಕು ಕಟ್ಟುವವನಿಗೆ ಕಲಿಸಿದವರು ಯಾರು? ಪರೀಕ್ಷಿಸುವವನ ಸಂಬಳ ಯಾರದು? ಸಾಮಾನು ಇಲ್ಲವೆಂದು ಗಾಡಿ ನಿಲ್ಲಿಸಿದ ಮೆಕ್ಯಾನಿಕ್‌ನ ಕೆಲಸ ಉಳಿಯುತ್ತದೆಯೇ?

ಷಾರ್ಲಟ್‌ನಲ್ಲಿ ಸತ್ತವರಲ್ಲಿ ಹದಿನೆಂಟರ ಒಬ್ಬ ಹುಡುಗಿ ಇದ್ದಳು. ಪರಿಹಾರದ ಹಣವೊಂದೇ ಸಾಲದು, ತಪ್ಪು ನಮ್ಮದೆಂದು ಎಲ್ಲರೆದುರಿಗೆ ಹೇಳಿರಿ ಎಂದು ಅವಳ ತಂದೆತಾಯಿ ಪಟ್ಟು ಹಿಡಿದರು. ಎರಡು ವರ್ಷ ಕಳೆದ ಮೇಲೆ, 2005ರ ಮೇ ತಿಂಗಳಲ್ಲಿ, ಏರ್ ಮಿಡ್‌ವೆಸ್ಟ್‌ನ ಅಧ್ಯಕ್ಷರು ಆ ಊರಿಗೆ ಬಂದು, ಸತ್ತವರ ಕುಟುಂಬದವರ ಮುಂದೆ ನಿಂತು ಅದನ್ನು ಓದಿ ಹೇಳಿದರು.