ಹಲವು ನುಡಿಗಳ ಮನೆಯಿಂದ ಕಾಲೇಜಿಗೆ



ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು, ಸಂಸ್ಕೃತ ಕನ್ನಡಗಳ ವಾಙ್ಮಯವು ನಿತ್ಯವೂ ಕಿವಿಗೆ ಬೀಳುತ್ತಿದ್ದ ಪಂಡಿತರ ಮನೆಯಲ್ಲಿ ಬೆಳೆದು, ಉರ್ದುವೇ ರಾಜಭಾಷೆಯಾಗಿದ್ದ ನಿಜಾಮರ ಸಂಸ್ಥಾನದಲ್ಲಿ ವಿದ್ಯಾಭ್ಯಾಸ ಮಾಡಿ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಮುಂದೆ ಆಡಳಿತದ ಉನ್ನತ ಪದವಿಗಳನ್ನೇರಿದರೂ ‘ಕಾವ್ಯಾನಂದ’ರೆಂದು ನಾಡು ಅವರನ್ನು ಗುರುತಿಸಿದುದು ಕನ್ನಡ ಕವಿತೆಯಿಂದಲೇ. ಅವರು ಹುಟ್ಟಿದ ವರ್ಷವೇ ಸ್ಥಾಪಿತವಾದ ಆ ವಿಶ್ವವಿದ್ಯಾಲಯವು ಆಧುನಿಕ ಶಾಸ್ತ್ರಗಳನ್ನು ದೇಶಭಾಷೆಯೊಂದರಲ್ಲಿ ಬೋಧಿಸಲು ಹೊರಟು, ಅದಕ್ಕಾಗಿ ಭಾಷಾಂತರ ಶಾಖೆಯನ್ನೇ ತೆರೆದು ಪಠ್ಯಗ್ರಂಥಗಳನ್ನು ಉರ್ದುವಿಗೆ ತಂದುದು ಮಹತ್ಕಾರ್ಯವೆಂದೇ ನಾನು ಭಾವಿಸುತ್ತೇನೆ. ಆದರೆ ಬಹುಸಂಖ್ಯ ಪ್ರಜೆಗಳ ಮಾತುಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಆ ಗೌರವ ಲಭಿಸಲಿಲ್ಲ. ಹಳ್ಳಿಯ ಹುಡುಗನ ಪಾಲಿಗೆ ಕಾಲೇಜೆಂದರೆ ಮನೆಯ ಮಾತನ್ನು ಬದಿಗಿಟ್ಟು ಹೋಗಬೇಕಾದ ಸ್ಥಳವಾಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಉರ್ದುವಿದ್ದ ಪೀಠವನ್ನು ಇಂಗ್ಲಿಷು ಏರಿತು.

ಈಗ ಅದೇ ಸಂಸ್ಥಾನಕ್ಕೆ ಸೇರಿದ್ದ, ಗಂಗಾವತಿಯ ಬಳಿಯ ಈ ಮರಳಿ ಊರಿನ ಸುತ್ತಲಿನ ನೆಲವನ್ನೇ ನೋಡಿರಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಕಾರ್ಯಾರಂಭ ಮಾಡಿ, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಭತ್ತದ ಬೇಸಾಯದಲ್ಲಿ ಪಳಗಿದ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ನೆಲೆಸಿದರು. ಅವರ ವಸತಿಗಳನ್ನು ನಾವು ಇಂದಿಗೂ ಕ್ಯಾಂಪುಗಳೆಂದೇ ಕರೆಯುತ್ತೇವೆ. ಕ್ಯಾಂಪಿನ ಹುಡುಗನು ಅಜ್ಜಿಯೊಡನೆ ತೆಲುಗಿನಲ್ಲಿಯೂ ನಾಟಿಗೆ ಬಂದ ಆಳುಗಳೊಡನೆ ಕನ್ನಡದಲ್ಲಿಯೂ ಮಾತನಾಡಿ, ಗಂಗಾವತಿಯ ಪೇಟೆಯಲ್ಲಿ ಉರ್ದುವನ್ನು ಕೇಳುತ್ತ ಬೆಳೆಯುತ್ತಾನೆ. ತಾಂಡಾದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಹೊರಗೆ ಕನ್ನಡ. ಎದುರಿನವರ ಮುಖ ನೋಡಿ ಮಾತನ್ನು ಬದಲಿಸುವ ಚಾತುರ್ಯವು ಇವರಿಗೆ ಬಾಲ್ಯದಲ್ಲೇ ಸಿದ್ಧಿಸಿರುವುದರಿಂದ, ಹೈದರಾಬಾದಾಗಲಿ ಬೆಂಗಳೂರಾಗಲಿ, ಓದಿಗಾಗಿ ಹೊರಡಲು ಇವರು ಹಿಂಜರಿಯುವುದಿಲ್ಲ. ಆದರೆ ಕಾಲೇಜಿನ ಅರ್ಜಿಯನ್ನು ತುಂಬುವ ಹೊತ್ತಿಗೆ ಈ ಸಂಪತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಇಂಗ್ಲಿಷ್ ಬಂದ್ರ ಸಾಕು, ಉಳಿದದ್ದು ತಗೊಂಡು ಏನ್ ಮಾಡ್ತಿ?’ ಎನ್ನುವ ತಂದೆತಾಯಂದಿರನ್ನು ನಾನು ಹಳಿಯಲಾರೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದೀತೋ ಬಾರದೋ ಎಂದು ವರುಷ ವರುಷವೂ ಕಾದವರ ಕಾತರವದು. ಇಂಗ್ಲಿಷು ಬೇಕು, ನಿಸ್ಸಂದೇಹವಾಗಿ ಬೇಕು. ಆದರೂ ಮಗುವಿನ ಆಸೆಯೆಲ್ಲವೂ ಒಂದು ಸೀಟಿನಷ್ಟಕ್ಕೆ ಕುಗ್ಗುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಬಲದಿಂದ ಈ ಪ್ರದೇಶದ ಮಕ್ಕಳಿಗೆ ಉನ್ನತ ಶಿಕ್ಷಣದಲ್ಲಿ ಸೀಟುಗಳು ಮೀಸಲಾಗಿವೆ. ಬಹುಕಾಲದ ಹೋರಾಟದ ಫಲವದು. ಆದರೆ ಆ ಸೀಟು ಪಡೆದು ಕಾಲೇಜಿನ ಒಳಗೆ ಹೋದವರು ಅಲ್ಲಿ ಏನನ್ನು ಅಪೇಕ್ಷಿಸಬೇಕು? ತಮ್ಮ ಮನೆಯ ನುಡಿಗಳೂ ವಿದ್ಯೆಯ ಸಾಧನಗಳಾಗಲೆಂದು ಅಪೇಕ್ಷಿಸಲಿ. ಈ ಸೀಮೆಯ ನಿಜಾಮರ ಕಾಲದ ಕಂದಾಯದ ಕಾಗದಪತ್ರಗಳು ಉರ್ದುವಿನಲ್ಲಿವೆ. ಮನೆಯಲ್ಲಿ ಉರ್ದುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ಗಂಗಾವತಿಯ ವಿದ್ಯಾರ್ಥಿನಿಯು ಇತಿಹಾಸವನ್ನು ಓದಹೊರಟರೆ ಅವಳ ಪಾಲಿಗೆ ತೆರೆಯುವ ಭಂಡಾರವು ಒಂದೇ ನುಡಿಯನ್ನು ಬಲ್ಲ ಪಂಡಿತನಿಗೆ ದೊರೆಯದು. ಕ್ಯಾಂಪುಗಳ ಹಿರಿಯರು ತೆಲುಗಿನಲ್ಲಿ ಹೇಳುವ ವಲಸೆಯ ವೃತ್ತಾಂತವನ್ನು ಕನ್ನಡದಲ್ಲಿ ಬರೆದಿಡುವ ಕೆಲಸವು ಅವರ ಮೊಮ್ಮಕ್ಕಳಿಂದಲೇ ಆಗಬೇಕು, ಅದೂ ಆ ಹಿರಿಯರು ಇರುವಾಗಲೇ ಆಗಬೇಕು. ಇಂಥ ಕಾರ್ಯವನ್ನು ಪದವಿಯ ವ್ಯಾಸಂಗದ ಅಂಗವಾಗಿ ಅಂಗೀಕರಿಸಬೇಕೆಂದು ನಮ್ಮ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರನ್ನು ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ. ಅವರು ಒಪ್ಪುವವರೆಗೆ ಕಾಯದೆ, ಇಲ್ಲಿ ಕುಳಿತಿರುವ ತರುಣರು ಈ ಬೇಸಗೆಯ ರಜೆಯಲ್ಲಿಯೇ ತಮ್ಮ ತಮ್ಮ ಮನೆಗಳಿಂದ ಆರಂಭಿಸಬಹುದು.