ಒಂದು ದಿನದ ಬೆಟ್ಟದ ಪ್ರವಾಸ: ಸಿದ್ಧತೆ ಹೇಗೆ?



ಮಳೆಗಾಲ ಕಳೆದು ಆಕಾಶ ತಿಳಿಯಾಯಿತೆಂದರೆ ಶಾಲಾ ಕಾಲೇಜುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಒಂದು ಬಸ್ಸು, ನಲವತ್ತು ಐವತ್ತು ಮಂದಿ, ಬೆಳಿಗ್ಗೆ ಹೊರಟು ರಾತ್ರಿಗೆ ಮನೆ. ಇಂಥ ಪ್ರವಾಸಕ್ಕೆ ಬೆಟ್ಟದ ಹಾದಿಯನ್ನು ಆರಿಸಿಕೊಂಡರೆ ಸಿದ್ಧತೆ ಹೇಗಿರಬೇಕು ಎಂಬುದು ಇಂದಿನ ವಿಷಯ. ಮೊದಲಿಗೆ ಒಂದು ಘಟನೆಯನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದಕ್ಕಾಗಿ ವಿದ್ಯಾರ್ಥಿಗಳ ತಂಡವೊಂದರ ಜೊತೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಕ್ಕೆ ಹೋಗಿದ್ದೆ. ಡಿಸೆಂಬರ್ ತಿಂಗಳು. ಬಸ್ಸಿನಲ್ಲಿ 43 ವಿದ್ಯಾರ್ಥಿಗಳು. ಶಿಖರದ ಮೇಲೆ ಒಳ್ಳೆಯ ಬೆಳಕಿರುವಾಗಲೇ ಚಿತ್ರೀಕರಣ ಮುಗಿಯಬೇಕೆಂದು ನಾನು ಮುಂದಿದ್ದವರನ್ನು ಅವಸರಪಡಿಸಿದೆ. ಅವರು ಉತ್ಸಾಹದಿಂದ ಏರಿದರು. ಮೇಲೆ ನಕ್ಕರು, ಹಾಡಿದರು. ಚಿತ್ರಗಳೂ ಚೆನ್ನಾಗಿ ಬಂದವು. ಸಂಜೆ ಐದೂ ಮುಕ್ಕಾಲಕ್ಕೆ ಬಸ್ಸಿನಲ್ಲಿ ತಲೆ ಎಣಿಸಿದಾಗ 42.

ಇಲ್ಲದಿದ್ದವಳು ಮೊದಲ ವರ್ಷದ ಒಬ್ಬ ಹುಡುಗಿ. ಹೊಸ ಬೂಟು ಹಿಮ್ಮಡಿಯನ್ನು ಕಚ್ಚಿತ್ತು. ಹೇಳಿಕೊಳ್ಳಲು ನಾಚಿಕೆ. ಗೆಳತಿಯರಿಗೆ "ನೀವು ನಡೀರಿ, ನಾನು ಬರ್ತೀನಿ" ಎಂದವಳು ಸ್ವಲ್ಪ ಹೊತ್ತು ಕೂತು, ಒಬ್ಬಳೇ ಹಿಂದಿರುಗಿದ್ದಳು. ಮಂಜು ಕವಿದು ಹಾದಿ ತಪ್ಪಿ ಕಾಫಿ ತೋಟವೊಂದಕ್ಕೆ ಇಳಿದಿದ್ದಳು. ಕೈಯಲ್ಲಿ ಫೋನ್ ಇತ್ತು, ಸಿಗ್ನಲ್ ಇರಲಿಲ್ಲ. ಏಳೂ ಕಾಲರ ಹೊತ್ತಿಗೆ ತೋಟದ ಕೆಲಸದ ಹೆಂಗಸರಿಬ್ಬರು ಟಾರ್ಚ್ ಹಿಡಿದು ಅವಳನ್ನು ರಸ್ತೆಗೆ ಕರೆತಂದರು. ಅವರಲ್ಲಿ ಹಿರಿಯಾಕೆ ನನ್ನನ್ನು ಕೇಳಿದ ಮಾತು ಇದು: "ಇಷ್ಟ್ ಜನ ಬಂದಿದೀರಿ ಸ್ವಾಮಿ, ಒಂದ್ ಹುಡ್ಗಿ ಇಲ್ಲ ಅಂತ ಒಬ್ರಿಗೂ ಗೊತ್ತಾಗ್ಲಿಲ್ವ?"

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಯೋಜನೆಯಲ್ಲಿ ಊಟ, ಹಾಡು, ಕ್ಯಾಮೆರಾ ಎಲ್ಲ ಇತ್ತು. ಕೊನೆಯಲ್ಲಿ ನಡೆಯುವವರು ಮಾತ್ರ ಇರಲಿಲ್ಲ. ಅಂದು ಕಲಿತದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ.

ಮೊದಲನೆಯದು ಸ್ಥಳದ ಆಯ್ಕೆ. ಒಂದೇ ದಿನದ ಪ್ರವಾಸವಾದರೆ ಬಸ್ ಪ್ರಯಾಣ ಒಂದು ಕಡೆಗೆ ಎರಡು ಎರಡೂವರೆ ಗಂಟೆ ಮೀರದಿರಲಿ. ಬೆಂಗಳೂರಿನವರಿಗೆ ನಂದಿಬೆಟ್ಟ, ಶಿವಗಂಗೆ, ಸಾವನದುರ್ಗ ಹತ್ತಿರದಲ್ಲಿವೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಹೋಗಿಬರಲು ಹತ್ತು ಗಂಟೆ ಬಸ್ಸಿನಲ್ಲೇ ಕಳೆದರೆ ಬೆಟ್ಟಕ್ಕೆ ಉಳಿಯುವುದೇನು? ಅದೇ ಹಾಸನದವರಿಗೆ ಚಿಕ್ಕಮಗಳೂರು ಸುಮಾರು 60 ಕಿಲೋಮೀಟರ್. ಒಂದು ದಿನಕ್ಕೆ ಹೊಂದುತ್ತದೆ.

ಎರಡನೆಯದು ಸಮಯದ ಲೆಕ್ಕ. ಇದನ್ನು ಬೆಳಗಿನಿಂದ ಸಂಜೆಗೆ ಹಾಕಬಾರದು, ಸಂಜೆಯಿಂದ ಬೆಳಗಿಗೆ ಹಾಕಬೇಕು. ಚಿಕ್ಕಮಗಳೂರಿನ ಆಸುಪಾಸಿನಲ್ಲಿ ಡಿಸೆಂಬರ್ ಮಧ್ಯದಲ್ಲಿ ಸಂಜೆ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನಮ್ಮದು ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡು. ಇಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ನೆಟ್ಟಗೆ ಇಳಿಯುತ್ತಾನೆ. ಆದ್ದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಹಾದಿಯ ಕಲ್ಲು ಕಾಣದಂತಾಗುತ್ತದೆ. ಹಾಗಾಗಿ ನಾಲ್ಕೂವರೆಗೆ ಎಲ್ಲರೂ ಬಸ್ಸಿನ ಬಳಿ ಇರಬೇಕು ಎಂದು ಗೊತ್ತುಮಾಡಿ.

ಇನ್ನು ಏರಲು ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಅದನ್ನು ಮೀಟರ್ ಲೆಕ್ಕದಲ್ಲಿ ಹೀಗೆ ಹೇಳಬಹುದು: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಹಾದಿ 4 ಕಿಲೋಮೀಟರ್, ಏರು 600 ಮೀಟರ್ ಎಂದಿಟ್ಟುಕೊಳ್ಳಿ. ನಡಿಗೆಗೆ 48 ನಿಮಿಷ, ಏರಿಗೆ 60. ಒಟ್ಟು 1 ಗಂಟೆ 48 ನಿಮಿಷ. ಆದರೆ ಇದು ಅಭ್ಯಾಸವಿರುವವರು ನಿಲ್ಲದೆ ನಡೆದರೆ ಬೇಕಾಗುವ ಸಮಯ. ನಲವತ್ತು ಮಂದಿಯ ಗುಂಪು ನಿಲ್ಲುತ್ತದೆ, ನೀರು ಕುಡಿಯುತ್ತದೆ, ಫೋಟೋ ತೆಗೆಯುತ್ತದೆ. ಆದ್ದರಿಂದ ಮೂರು ಗಂಟೆ ಎಂದು ಹಿಡಿಯಿರಿ. ಇಳಿಯಲು ಎರಡೂವರೆ.

ಈಗ ಹಿಂದಕ್ಕೆ ಎಣಿಸೋಣ. ನಾಲ್ಕೂವರೆಗೆ ಬಸ್ಸು ಸೇರಬೇಕಾದರೆ ಎರಡು ಗಂಟೆಗೆ ಶಿಖರ ಬಿಡಬೇಕು. ಊಟ, ವಿಶ್ರಾಂತಿಗೆ ಒಂದು ಗಂಟೆ ಎಂದರೆ ಒಂದಕ್ಕೆ ತಲುಪಿರಬೇಕು. ಅಂದರೆ ಹತ್ತಕ್ಕೆ ನಡಿಗೆ ಆರಂಭ. ದಾರಿಯ ತಿಂಡಿಯೂ ಸೇರಿದರೆ ಹಾಸನದಿಂದ ಏಳಕ್ಕೆ ಬಸ್ಸು ಹೊರಡಬೇಕು. ಏಳರ ಬಸ್ಸು ಎಂಟೂವರೆಗೆ ಹೊರಟಿತೋ, ಆ ಒಂದೂವರೆ ಗಂಟೆಯನ್ನು ನಡಿಗೆಯಲ್ಲೇ ಕಡಿಮೆ ಮಾಡಬೇಕು. ಕತ್ತಲಿನಿಂದ ಸಾಲ ತರಲಾಗದು. ಎರಡು ಗಂಟೆಯಾಯಿತೆಂದರೆ ಶಿಖರ ಎದುರಿಗೇ ಕಾಣುತ್ತಿದ್ದರೂ ಹಿಂದಿರುಗಬೇಕು. ಈ ಮಾತನ್ನು ಬಸ್ಸು ಹತ್ತುವ ಮೊದಲೇ ಎಲ್ಲರೂ ಒಪ್ಪಿರಬೇಕು.

ಮೂರನೆಯದು ಗುಂಪಿನ ವ್ಯವಸ್ಥೆ. ನಾವು ಎಡವಿದ್ದು ಇಲ್ಲೇ. ಮುಂದೆ ಹಾದಿ ಬಲ್ಲ ಒಬ್ಬರು ನಡೆಯಲಿ. ಅವರನ್ನು ಯಾರೂ ದಾಟಬಾರದು. ಎಲ್ಲರ ಹಿಂದೆ ತಾಳ್ಮೆಯುಳ್ಳ ಇನ್ನೊಬ್ಬರು ಬರಲಿ. ಅವರ ಹಿಂದೆ ಯಾರೂ ಉಳಿಯಬಾರದು. ನಡುವಿನವರನ್ನು ಆರಾರು ಮಂದಿಯ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಒಬ್ಬ ಮುಖ್ಯಸ್ಥರಿರಲಿ. ಹಾದಿ ಕವಲೊಡೆದಲ್ಲೆಲ್ಲ ನಿಂತು ತಲೆ ಎಣಿಸಿ. ನಿಧಾನವಾಗಿ ನಡೆಯುವವರನ್ನು ಮುಂದಾಳುವಿನ ಹಿಂದೆಯೇ ಬಿಡಿ. ಗುಂಪಿನ ವೇಗ ತಾನಾಗಿ ಅವರ ವೇಗಕ್ಕೆ ಇಳಿಯುತ್ತದೆ. ಯಾರಾದರೂ ಹಿಂದಿರುಗಲೇಬೇಕಾದರೆ ಜೊತೆಗೆ ಇಬ್ಬರು ಹೋಗಲಿ. "ನನ್ನಿಂದ ಆಗದು" ಎಂದವರನ್ನು ನಗಬೇಡಿ. ಆ ಮಾತನ್ನು ಧೈರ್ಯವಾಗಿ ಹೇಳಲು ಬಿಟ್ಟ ಗುಂಪಿನಲ್ಲಿ ಯಾರೂ ಕಳೆದುಹೋಗುವುದಿಲ್ಲ.

ನಾಲ್ಕನೆಯದು ಚೀಲ. ತಲಾ ಎರಡು ಲೀಟರ್ ನೀರು. ಊಟಕ್ಕೆ ಪುಳಿಯೋಗರೆ, ಚಪಾತಿಯಂಥ ಬೇಗ ಕೆಡದ ತಿನಿಸು. ಕಾಲಿಗೆ ಹಳೆಯ, ಪಳಗಿದ ಬೂಟು. ಹೊಸದು ಬೇಡವೇ ಬೇಡ. ತಂಡಕ್ಕೊಂದು ಟಾರ್ಚ್, ಸೀಟಿ, ಪಟ್ಟಿ ಬಟ್ಟೆ. ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಕೊಡಬಹುದು. ಬೆಚ್ಚನೆಯ ಉಡುಪೊಂದು ಇರಲಿ. ಪ್ರತಿ 1,000 ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,900 ಮೀಟರಿಗೂ ಮಿಗಿಲು. ಹಾಸನಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಎತ್ತರ. ಕೆಳಗೆ 26 ಡಿಗ್ರಿ ಇದ್ದ ದಿನ ಮೇಲೆ ಇಪ್ಪತ್ತರ ಆಸುಪಾಸು. ಬೆವೆತ ಮೈಗೆ ಗಾಳಿ ಹೊಡೆದರೆ ಅದೂ ನಡುಕವೇ. ಮಳೆಗಾಲವಾದರೆ ಇಂಬಳಗಳ ಕಾಟ ಬೇರೆ.

ಐದನೆಯದು ಬಸ್ಸು ಮತ್ತು ಅನುಮತಿ. ಗಿರಿಯ ರಸ್ತೆಗಳು ಕಿರಿದು, ತಿರುವುಗಳು ಬಿಗಿ. ದೊಡ್ಡ ಬಸ್ಸನ್ನು ಎಲ್ಲಿಯವರೆಗೆ ಬಿಡುತ್ತಾರೆ ಎಂದು ಮೊದಲೇ ವಿಚಾರಿಸಿ. ಚಾಲಕರಿಗೆ ಊಟ, ವಿಶ್ರಾಂತಿ ಸಿಗುವಂತೆ ನೋಡಿಕೊಳ್ಳಿ. ರಾತ್ರಿ ಎಲ್ಲರನ್ನೂ ಮನೆಗೆ ಮುಟ್ಟಿಸುವವರು ಅವರೇ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಮಂದಿ ಸೇರಿಬಿಟ್ಟಿದ್ದರು. ಆ ಬಳಿಕ ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ ಹಲವು ಹಾದಿಗಳಿಗೆ ಮುಂಗಡ ಬುಕಿಂಗ್ ಬೇಕು. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೂ ಇದೆ. ಅನುಮತಿ ಕೈಗೆ ಬಂದ ಮೇಲೆಯೇ ಬಸ್ಸಿಗೆ ಮುಂಗಡ ಕೊಡಿ. ಹೊರಟವರ ಹೆಸರು, ಮನೆಯ ಫೋನ್ ಸಂಖ್ಯೆಗಳ ಪಟ್ಟಿಯ ಒಂದು ಪ್ರತಿ ಕಾಲೇಜಿನಲ್ಲಿರಲಿ. ತುರ್ತು ಸಹಾಯದ ಸಂಖ್ಯೆ 112 ಎಲ್ಲರಿಗೂ ನೆನಪಿರಲಿ.

ಕೊನೆಯದಾಗಿ ಬೆಟ್ಟದ ವಿಷಯ. ಚಂದ್ರದ್ರೋಣದ ಬೋಳು ಗುಡ್ಡಗಳು ನಿಜವಾಗಿ ಬೋಳಲ್ಲ. ಇಳಿಜಾರಿನ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು ಸೇರಿ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಇಲ್ಲಿ ಹುಟ್ಟುವ ವೇದಾ, ಅವತಿ ಹೊಳೆಗಳು ಸೇರಿ ವೇದಾವತಿಯಾಗುತ್ತವೆ. ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ತುಂಬುವುದು ಅದೇ ನದಿ. ನೀವು ಬಿಟ್ಟುಬಂದ ಪ್ಲಾಸ್ಟಿಕ್ ಕೂಡ ಅದೇ ನೀರಿನ ದಾರಿ ಹಿಡಿಯುತ್ತದೆ. ಹಾದಿ ಬಿಟ್ಟು ಹುಲ್ಲು ತುಳಿಯಬೇಡಿ. ಒಯ್ದ ಕಸವನ್ನು ವಾಪಸು ತನ್ನಿ.

ಮಿತ್ರರೇ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಇಂದು ತಲುಪದ ಶಿಖರವನ್ನು ಮುಂದಿನ ವರ್ಷ ತಲುಪಬಹುದು. ಬೆಳಿಗ್ಗೆ ಹತ್ತಿದಷ್ಟೇ ಮಂದಿ ಸಂಜೆಯೂ ಬಸ್ಸು ಹತ್ತಿದರೆ ಆ ಪ್ರವಾಸ ಯಶಸ್ವಿ. ನಿಮ್ಮ ಪ್ರವಾಸ ಸುಖಕರವಾಗಲಿ.